ಗುಡ್ಡೆಯಲ್ಲಿ ಕೊಳೆಯುವ ಗೇರುಹಣ್ಣೂ ಗೋವೆಯ ಫೆನಿಯೂ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಶಾಲೆಯ ಹಿಂದಿನ ಗೇರುಗುಡ್ಡೆಯ ವಾಸನೆ ತರಗತಿಯೊಳಕ್ಕೆ ಬಂದುಬಿಡುತ್ತದೆ. ಬೀಜ ಹೆಕ್ಕಿ ಹಣ್ಣನ್ನು ಬುಡದಲ್ಲೇ ಬಿಸಾಡಿ ಹೋಗುವುದು ಇಲ್ಲಿನ ರೂಢಿ. ಎರಡು ದಿನಗಳಲ್ಲಿ ಹಣ್ಣು ಹುಳಿಯುತ್ತದೆ, ನೊಣ ಮುತ್ತುತ್ತದೆ, ದನಗಳೂ ಮೂಸಿ ಮುಂದೆ ಹೋಗುತ್ತವೆ. ಬೀಜದ ಎಷ್ಟೋ ಪಟ್ಟು ತೂಗುವ ಫಲ ಹೀಗೆ ಮಣ್ಣುಪಾಲಾಗುತ್ತದೆ. ಎಲ್ಲವೂ ಮಣ್ಣುಪಾಲಾಗುವುದಿಲ್ಲ ಎಂಬುದು ಊರಿಗೆಲ್ಲ ತಿಳಿದ ಗುಟ್ಟು. ಒಂದಷ್ಟು ಹಣ್ಣು ಕತ್ತಲಾದ ಮೇಲೆ ಗುಡ್ಡೆಯಿಂದಿಳಿದು ತೋಡಿನ ಬದಿಯ ಒಲೆಯನ್ನು ಸೇರುತ್ತದೆ. 1996ರ ಏಪ್ರಿಲಿನಲ್ಲಿ ಕೇರಳ ಸರಕಾರ ಸಾರಾಯಿಯನ್ನು ನಿಷೇಧಿಸಿದಾಗ ಗಡಂಗುಗಳು ಮುಚ್ಚಿದವು, ಕಳ್ಳಭಟ್ಟಿ ಮುಚ್ಚಲಿಲ್ಲ.

ನಾವು ಮದ್ಯದ ಪರವಾಗಿ ವಕಾಲತ್ತು ಮಾಡುವವರಲ್ಲ. ಸೋಮವಾರ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಬಿದ್ದಿರುವ, ಗಡಿಯಾಚೆಯಿಂದ ಬಂದ ಕಾಗದದ ಡಬ್ಬಿಗಳನ್ನು ಮಕ್ಕಳ ಕೈಯಿಂದ ಹೆಕ್ಕಿಸಬಾರದೆಂದು ನಾವೇ ಬೇಗ ಬಂದು ಹೆಕ್ಕುತ್ತೇವೆ. ರಾತ್ರಿ ಮನೆಯಲ್ಲಿ ನಡೆದ ಗಲಾಟೆಯಿಂದ ನಿದ್ದೆಗೆಟ್ಟು, ಮೊದಲ ಪೀರಿಯಡಿನಲ್ಲಿ ಬೆಂಚಿಗೆ ತಲೆಯಿಟ್ಟು ಮಲಗುವ ಹುಡುಗರನ್ನು ಎಬ್ಬಿಸದೆ ಬಿಡುವುದೂ ನಮ್ಮ ಕೆಲಸದಲ್ಲಿ ಸೇರಿದೆ. ಇಂಥವರು ಮದ್ಯ ಇಳಿಸುವ ಕ್ರಮವನ್ನೂ ಅದರಲ್ಲಿ ಒಳ್ಳೆಯದು ಯಾವುದೆಂಬುದನ್ನೂ ಕುರಿತು ಬರೆಯಹೊರಟಿರುವುದು ಕೆಲವು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಕಣ್ಣು ಮುಚ್ಚಿಕೊಂಡರೆ ಒಲೆ ಆರುವುದಿಲ್ಲವಷ್ಟೆ.

ಕಳೆದ ಏಪ್ರಿಲಿನಲ್ಲಿ ಸಂಬಂಧಿಕರ ಮನೆಯ ಮದುವೆಗೆಂದು ಗೋವೆಯ ಸತ್ತರಿ ತಾಲೂಕಿಗೆ ಹೋಗಿದ್ದೆವು. ಅಲ್ಲಿಯ ಗುಡ್ಡೆ ನಮ್ಮ ಗುಡ್ಡೆಯ ಹಾಗೆಯೇ: ಮುರಕಲ್ಲು, ಗೇರು, ಬಿಸಿಲು. ಮರವೂ ಒಂದೇ ದಾರಿಯಲ್ಲಿ ಬಂದದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಮಲಯಾಳದ ‘ಪರಂಗಿಮಾವು’ ಎಂಬ ಹೆಸರೇ ತಂದವರನ್ನು ಹೇಳುತ್ತದೆ. ವ್ಯತ್ಯಾಸವಿರುವುದು ಹಣ್ಣು ಬಿದ್ದ ಮೇಲೆ. ಅಲ್ಲಿ ಮರದಿಂದ ಕೊಯ್ಯುವುದಿಲ್ಲ. ತಾನಾಗಿ ಉದುರಿದ ಪೂರ್ಣ ಮಾಗಿದ ಹಣ್ಣನ್ನೇ ಬುಟ್ಟಿಗೆ ಹಾಕುತ್ತಾರೆ. ಬೀಜ ತಿರುಚಿ ತೆಗೆದು, ‘ಕೊಳಂಬಿ’ ಎಂಬ ಕಲ್ಲಿನ ತೊಟ್ಟಿಯಲ್ಲಿ ಹಣ್ಣನ್ನು ಕಾಲಿನಿಂದ ತುಳಿದು ರಸ ಹಿಂಡುತ್ತಾರೆ. ಈಗ ಯಂತ್ರವಿಟ್ಟವರೂ ಇದ್ದಾರೆ. ಉಳಿದ ಚರಟವನ್ನು ಬಳ್ಳಿಯಿಂದ ಬಿಗಿದು ಗುಡ್ಡೆ ಮಾಡಿ ಮೇಲೊಂದು ಭಾರದ ಕಲ್ಲು ಹೇರಿದರೆ ರಾತ್ರಿಯಿಡೀ ತೊಟ್ಟಿಕ್ಕುವ ತಿಳಿರಸವೇ ‘ನೀರೊ’. ಇದು ಅಮಲಿನದಲ್ಲ. ನಾವು ಎರಡು ಲೋಟ ಕುಡಿದೆವು, ಗಂಟಲು ಕೆರೆಯಲಿಲ್ಲ.

ತುಳಿದ ರಸವನ್ನು ಮಣ್ಣಿನ ಕೊಡಗಳಲ್ಲಿ ಮೂರು ದಿನದಷ್ಟು ಇಡುತ್ತಾರೆ. ಹೊರಗಿನಿಂದ ಹುದುಗು ಹಾಕುವ ಕ್ರಮವಿಲ್ಲ. ಹಣ್ಣಿನ ಸಿಪ್ಪೆಯಲ್ಲಿರುವ ಕಿಣ್ವವೇ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ನೊರೆ ಇಳಿದ ಮೇಲೆ ರಸವನ್ನು ‘ಭಾಣ’ ಎಂಬ ತಾಮ್ರದ ಹಂಡೆಗೆ ಸುರಿದು, ಮುಚ್ಚಳದ ಸಂದಿಗೆ ಹಸಿಮಣ್ಣು ಮೆತ್ತಿ, ಕಟ್ಟಿಗೆಯ ಬೆಂಕಿ ಹಾಕುತ್ತಾರೆ. ಒಂಬತ್ತನೆಯ ತರಗತಿಯ ಪಾಠ ಇಲ್ಲಿ ಕಣ್ಣೆದುರು ನಿಲ್ಲುತ್ತದೆ: ಮದ್ಯಸಾರ ಸುಮಾರು 78 ಡಿಗ್ರಿಗೇ ಕುದಿಯುತ್ತದೆ, ನೀರಿಗೆ 100 ಬೇಕು, ಆದ್ದರಿಂದ ಮೊದಲು ಏಳುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚು. ಆವಿ ಕೊಳವೆಯಲ್ಲಿ ಹಾದು ‘ಲಾವ್ಣಿ’ ಎಂಬ ಗಡಿಗೆಯಲ್ಲಿ ತಂಪಾಗಿ ಇಳಿಯಬೇಕು. ಹಳೆಯ ಭಟ್ಟಿಗಳಲ್ಲಿ ಒಬ್ಬ ಮನುಷ್ಯ ಆ ಗಡಿಗೆಯ ಮೇಲೆ ತಣ್ಣೀರು ಹೊಯ್ಯುತ್ತಲೇ ಇರುತ್ತಿದ್ದ. ಬೆಂಕಿ ಜೋರಾದರೆ ರಸ ಹತ್ತಿ ಕಮಟು ಬರುತ್ತದೆ. ಕಡಿಮೆಯಾದರೆ ದಿನ ಸಾಲದು. ಭಟ್ಟಿಯವರ ಇಡೀ ವಿದ್ಯೆ ಒಲೆಯ ಬಾಯಲ್ಲಿದೆ ಎಂದರೂ ತಪ್ಪಲ್ಲ.

ಮೊದಲ ಸಲ ಇಳಿದದ್ದು ‘ಉರಾಕು’. ನೂರಕ್ಕೆ ಹದಿನೈದರ ಆಸುಪಾಸು ಬಲ, ಬೇಸಗೆಗಷ್ಟೇ ಬಾಳುವ ಮಾಲು. ಉರಾಕನ್ನು ಹುಳಿತ ರಸದ ಜೊತೆ ಸೇರಿಸಿ ಮತ್ತೊಮ್ಮೆ ಬಟ್ಟಿ ಇಳಿಸಿದರೆ ಫೆನಿ. ಬಾಟಲಿಯ ಮೇಲೆ ಸಾಮಾನ್ಯವಾಗಿ 42.8 ಎಂದು ಬರೆದಿರುತ್ತದೆ. ಫೇನವೆಂದರೆ ನೊರೆ. ಹೆಸರೇ ಒಂದು ಪರೀಕ್ಷೆಯೂ ಹೌದು.

ಇದಕ್ಕೆ ನೇರ ವಿರುದ್ಧವಾದದ್ದು, ಈಗ ಪೇಟೆಯ ತರುಣರ ಬಾಯಲ್ಲಿರುವ ವೋಡ್ಕ. ರಷ್ಯ, ಪೋಲೆಂಡ್ ದೇಶಗಳಲ್ಲಿ ರೈ, ಗೋಧಿ, ಬಟಾಟೆಗಳಿಂದ ಹುಟ್ಟಿದ ಪಾನೀಯವದು. 1830ರಲ್ಲಿ ಈನಿಯಸ್ ಕಾಫಿ ಎಂಬ ಐರ್ಲೆಂಡಿನ ಅಬಕಾರಿ ಅಧಿಕಾರಿ ಹಕ್ಕುಪತ್ರ ಪಡೆದ ಗೋಪುರದಂಥ ಭಟ್ಟಿಯ ಬಗೆಯಲ್ಲಿ ಒಂದೇ ಸಮನೆ ಬಟ್ಟಿ ಇಳಿಸಿ ನೂರಕ್ಕೆ 95-96ರ ವರೆಗೆ ಏರಿಸಿ, ಮತ್ತೆ ನೀರು ಬೆರೆಸಿ ನಲ್ವತ್ತರ ಸುತ್ತ ತಂದು, ಹಲವೆಡೆ ಇದ್ದಿಲಿನಲ್ಲಿ ಸೋಸುತ್ತಾರೆ. ಧಾನ್ಯದ ಗುರುತು ಅಳಿದಷ್ಟೂ ಮಾಲು ಶುದ್ಧವೆಂಬ ಲೆಕ್ಕ. ಮೂಲದ ಗುರುತೇ ಅಳಿದ ಮೇಲೆ ಯಾವುದರಿಂದ ಮಾಡಿದರೇನು ಎಂಬ ಜಗಳ ಯುರೋಪಿನಲ್ಲೂ ನಡೆಯಿತು. ಧಾನ್ಯ, ಬಟಾಟೆಗಳಲ್ಲದೆ ಬೇರೆಯದರಿಂದ ಮಾಡಿದ್ದಾದರೆ ಚೀಟಿಯಲ್ಲಿ ಅದನ್ನು ಹೇಳಲೇಬೇಕೆಂದು 2008ರಲ್ಲಿ ನಿಯಮವಾಯಿತು. ನಮ್ಮ ದೇಶದಲ್ಲಿ ಇಂಥ ನಿರ್ಗಂಧ ಮದ್ಯಸಾರ ಬಹಳಷ್ಟು ಬರುವುದು ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದಲೂ ಧಾನ್ಯದಿಂದಲೂ. ಒಳ್ಳೆಯ ವೋಡ್ಕ ಯಾವುದೆಂದು ಕೇಳಿದರೆ ನಮ್ಮ ಉತ್ತರ ಚಿಕ್ಕದು: ಮೊಹರು ಒಡೆಯದ, ಯಾವುದರಿಂದ ಮಾಡಿದ್ದೆಂದು ಚೀಟಿಯಲ್ಲಿರುವ, ಮೂಗಿಗೆ ಘಾಟು ಹೊಡೆಯದ ಬಾಟಲಿ. ಅದಕ್ಕಿಂತ ಮೇಲಿನ ಬೆಲೆ ಬಹುಪಾಲು ಗಾಜಿಗೂ ಜಾಹೀರಾತಿಗೂ ಕೊಟ್ಟದ್ದು.

ಫೆನಿಯ ವಿಷಯದಲ್ಲಿ ಹಾಗಲ್ಲ. ಅಲ್ಲಿ ವಾಸನೆಯೇ ಸಾಕ್ಷಿ. ನಿರ್ಗಂಧ ಮದ್ಯಸಾರಕ್ಕೆ ಒಂದಿಷ್ಟು ಫೆನಿಯನ್ನೋ ಎಸೆನ್ಸನ್ನೋ ಬೆರೆಸಿ ಪ್ರವಾಸಿಗರಿಗೆ ದಾಟಿಸುವವರು ಗೋವೆಯಲ್ಲೂ ಇದ್ದಾರೆ. ಭಟ್ಟಿಯವರು ನಮಗೆ ತೋರಿಸಿದ್ದು ಇಷ್ಟು: ನಾಲ್ಕು ಹನಿ ಅಂಗೈಗೆ ಹಾಕಿ ಉಜ್ಜಿರಿ. ಮದ್ಯಸಾರ ಹಾರಿಹೋದ ಮೇಲೂ ಮಾಗಿದ ಗೇರುಹಣ್ಣಿನ ಕಂಪು ಕೈಯಲ್ಲಿ ನಿಲ್ಲಬೇಕು. ಎಸೆನ್ಸಾದರೆ ಮೊದಲೇ ಗಾಢವಾಗಿ ಹೊಡೆದು ಬೇಗ ಮಾಯವಾಗುತ್ತದೆ. ಬಾಟಲಿ ಕುಲುಕಿದಾಗ ಏಳುವ ಗುಳ್ಳೆಗಳು ಎಷ್ಟು ಹೊತ್ತು ನಿಲ್ಲುತ್ತವೆಂದು ನೋಡಿ ಬಲವನ್ನು ಅಂದಾಜು ಮಾಡುವ ಹಿರಿಯರಿದ್ದಾರೆ. ಹೊಗೆಯ ಕಮಟು, ಕಲಕಿದ ಬಣ್ಣ ಇದ್ದರೆ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಭಟ್ಟಿಯದೆಂದು ಹೇಳಲಾರದವನಿಂದ ಕೊಳ್ಳಬಾರದು. (ಕುಡಿದು ನೋಡಿದಿರೋ ಎಂದು ಕೇಳುವ ಶಿಷ್ಯರಿಗೆ: ಉಜ್ಜಿ ಮೂಸಿದ್ದಕ್ಕೇ ನಮ್ಮ ಮನೆಯವರ ಮುಖ ಕೆಂಪಾಗಿತ್ತು.)

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಅಂಗೈಯ ಪರೀಕ್ಷೆ ರುಚಿಗೆ; ಪ್ರಾಣಕ್ಕಲ್ಲ. ಮೆಥನಾಲ್ ಎಂಬ ವಿಷವನ್ನು ಮೂಗಾಗಲಿ ನಾಲಗೆಯಾಗಲಿ ಗುರುತಿಸಲಾರದು. ಹಣ್ಣಿನ ರಸದಲ್ಲಿ ಅದು ಹುಟ್ಟುವುದು ಅತ್ಯಲ್ಪ. ಸಾಮೂಹಿಕ ಸಾವುಗಳಾದದ್ದು ಹೆಚ್ಚಾಗಿ ಕಾರ್ಖಾನೆಯ ಮೆಥನಾಲನ್ನು ಬೆರೆಸಿದಾಗ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 1982ರ ಓಣಂ ಹಬ್ಬದಲ್ಲಿ ಕೊಚ್ಚಿಯ ಬಳಿಯ ವೈಪಿನಿನಲ್ಲಿ ಎಪ್ಪತ್ತಕ್ಕೂ ಹೆಚ್ಚು, 2024ರಲ್ಲಿ ತಮಿಳುನಾಡಿನ ಕಲ್ಲಕುರಿಚ್ಚಿಯಲ್ಲಿ ಅರುವತ್ತಕ್ಕೂ ಹೆಚ್ಚು. ಬದುಕಿದವರಲ್ಲಿ ಕಣ್ಣು ಕಳಕೊಂಡವರೂ ಇದ್ದಾರೆ. ಸತ್ತವರೆಲ್ಲ ಬಡವರು. ತೋಡಿನ ಬದಿಯ ಒಲೆಯಿಂದ ಬಂದದ್ದಕ್ಕೆ ಹೊಣೆಯಾರು?

ಗೋವೆಯಲ್ಲಿ ಹೊಣೆಗಾರರಿದ್ದಾರೆ. ಅಬಕಾರಿ ಇಲಾಖೆ ಗೇರಿನ ವಲಯಗಳನ್ನು ಹರಾಜು ಹಾಕುತ್ತದೆ, ಭಟ್ಟಿಗೆ ಪರವಾನಿಗೆ ಇದೆ. 2009ರಲ್ಲಿ ಗೇರಿನ ಫೆನಿಗೆ ಭೌಗೋಳಿಕ ಗುರುತು ಸಿಕ್ಕಿತು. 2016ರಲ್ಲಿ ಅಲ್ಲಿನ ಸರಕಾರ ಅದನ್ನು ಪರಂಪರೆಯ ಪಾನೀಯವೆಂದು ಸಾರಿತು. ಕೇರಳದಲ್ಲೂ 2022ರಲ್ಲಿ ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನಿಂದ ಮದ್ಯ ಇಳಿಸಲು ಅನುಮತಿಯಾಯಿತು. ಕಾಸರಗೋಡಿನ ಗುಡ್ಡೆಗಳಿಗೇಕೆ ಆ ಯೋಚನೆ ಬಾರದು? ಒಂದೋ ಎರಡೋ ಸಹಕಾರಿ ಭಟ್ಟಿ, ಹಗಲು ಹೊತ್ತು ಕೆಲಸ, ಪ್ರತಿ ಇಳುವರಿಯ ಮಾದರಿ ಪ್ರಯೋಗಶಾಲೆಗೆ, ಹಣ್ಣಿಗೆ ಕಿಲೋ ಲೆಕ್ಕದ ಬೆಲೆ. ಇದಕ್ಕಿಂತ ಮೊದಲು ನೀರೊ ಇದೆ. ಗಂಜಿ ತಿಳಿಯನ್ನೋ ಸಾಬಕ್ಕಿಯನ್ನೋ ಹಾಕಿ ರಸದ ಒಗರು ತೆಗೆದು ಶರಬತ್ತು ಮಾಡುವ ಕ್ರಮವನ್ನು ಕೇರಳ ಕೃಷಿ ವಿಶ್ವವಿದ್ಯಾಲಯದವರು ಹಿಂದೆಯೇ ಹೇಳಿಕೊಟ್ಟಿದ್ದಾರೆ. ಹಣ್ಣಿನ ಮೊದಲ ಪಾಲು ಮಕ್ಕಳ ಲೋಟಕ್ಕೆ, ಉಳಿದದ್ದು ಭಟ್ಟಿಗೆ ಎಂದಾದರೆ ನಮ್ಮ ಮನಸ್ಸೂ ಸ್ವಲ್ಪ ಹಗುರಾದೀತು.

ಪೂರ್ತಿ ಹಗುರಾಗದು. ಗೇರಿನ ಹೆಸರೆತ್ತಿದರೆ ಈ ಜಿಲ್ಲೆಯಲ್ಲಿ ಎಣ್ಮಕಜೆಯ ಪಡ್ರೆ ನೆನಪಾಗುತ್ತದೆ. ಸರಕಾರಿ ಸ್ವಾಮ್ಯದ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದ ವರೆಗೂ ನಡೆಯಿತು, ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಅಂದು ಎಲ್ಲವೂ ಸರಿಯಾಗಿದೆ ಎಂದವರೂ ಪರವಾನಿಗೆಯುಳ್ಳವರೇ. ಆದ್ದರಿಂದ ಭಟ್ಟಿಯ ಲೆಕ್ಕದ ಪುಸ್ತಕವೂ ಪ್ರಯೋಗಶಾಲೆಯ ವರದಿಯೂ ಪಂಚಾಯತಿನ ಗೋಡೆಯ ಮೇಲೆ ತೂಗಬೇಕು, ಓದಲು ಬರುವ ಯಾರೂ ಓದುವಂತೆ.

ಗೇರು ಈಗ ಹೂ ಕಟ್ಟತೊಡಗಿದೆ. ಮೊದಲ ಹಣ್ಣು ಬೀಳಲು ಹೆಚ್ಚು ದಿನಗಳಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ನಾವು ಪಂಚಾಯತಿಗೆ ಬರೆದು ಕೊಟ್ಟು ಮೂರು ವಾರವಾಯಿತು, ಉತ್ತರ ಬಂದಿಲ್ಲ. ನಾಳೆ ಶಾಲೆ ಬಿಟ್ಟ ಮೇಲೆ ಮತ್ತೊಮ್ಮೆ ಹೋಗಿ ಕೇಳುವವರಿದ್ದೇವೆ.