ದಾಸೋಹವೋ, ದಾನದ ಆಡಂಬರವೋ?

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ಅರಿಯದ ಶರಣಬಂಧುಗಳಿಲ್ಲ. ಇದನ್ನು ನಿರಾಸೆಯ ಪಾಠವೆಂದು ವಿವರಿಸುವುದು ವಾಡಿಕೆ. ಅದು ನಿಜವೇ. ಆದರೆ ಇದರೊಳಗೆ ಇನ್ನೊಂದು ಪಾಠವೂ ಅಡಗಿದೆ. ದಾಸೋಹವು ಕೊಡುವುದರಿಂದಲ್ಲ, ಕೇಳುವುದರಿಂದ ಆರಂಭವಾಗುತ್ತದೆ. ಇಲ್ಲಿಯ ಹೆಚ್ಚಳ ಎಲ್ಲಿಂದ ಬಂದಿತು? ಅಲ್ಲಿಯ ಕೊರತೆ ಯಾರಿಂದ ಉಂಟಾಯಿತು? ಈ ಪ್ರಶ್ನೆಯಿಲ್ಲದ ನೀಡಿಕೆ ದಾನವಾದೀತೇ ಹೊರತು ದಾಸೋಹವಾಗಲಾರದು.

ಇಂದು ಊರೂರುಗಳಲ್ಲಿ ತರುಣರು ಸೇವಾಸಂಘಗಳನ್ನು ಕಟ್ಟುತ್ತಿದ್ದಾರೆ. ಶಾಲಾ ಮಕ್ಕಳಿಗೆ ಪುಸ್ತಕ ಹಂಚುವುದು, ಚಳಿಗಾಲದಲ್ಲಿ ಕಂಬಳಿ ಹೊದಿಸುವುದು, ಸೆಪ್ಟೆಂಬರ್ ೨೩ರ ಪೌರಕಾರ್ಮಿಕರ ದಿನದಂದು ಬೀದಿ ಗುಡಿಸುವವರಿಗೆ ಶಾಲು ಹೊದಿಸಿ ಕೈಗವಸು ನೀಡುವುದು ಇವೆಲ್ಲವೂ ನಡೆಯುತ್ತಿವೆ. ತರುಣರ ಮನಸ್ಸು ಒಳ್ಳೆಯದೇ. ದೋಷವಿರುವುದು ಅವರನ್ನು ಹೊಗಳುವ ಹಿರಿಯರಲ್ಲಿ. ಎಷ್ಟು ಜನರಿಗೆ ಹಂಚಿದಿರಿ ಎಂದು ಕೇಳುವ ಹಿರಿಯರುಂಟು. ಆ ಕೈಗವಸು ತೊಟ್ಟವನು ಮರುದಿನ ಯಾವ ಗುಂಡಿಗೆ ಇಳಿದನು ಎಂದು ಕೇಳುವವರು ವಿರಳ. ಶಾಲು ಹೊದಿಸಿದ ಚಿತ್ರ ಉಳಿಯುತ್ತದೆ, ಗುಂಡಿಯೂ ಉಳಿಯುತ್ತದೆ.

ಇದಕ್ಕೆ ಬೇರೊಂದು ಮಾರ್ಗವುಂಟೆಂಬುದನ್ನು ಕೋಲಾರದ ಚಿನ್ನದ ನೆಲವೇ ತೋರಿಸಿಕೊಟ್ಟಿದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಸಾಗುವ ರೈಲಿನಲ್ಲಿ ಕುಳಿತವರಿಗೆ ಸೈನೈಡ್ ಗುಡ್ಡಗಳು ಕಾಣುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳವು. ೧೯೦೨ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದ ಊರದು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಮನುಷ್ಯನನ್ನು ಇಳಿಸಿ ಮೇಲೆತ್ತುವ ಯಂತ್ರಗಳಿದ್ದವು. ಆದರೆ ಕಾರ್ಮಿಕರ ವಸತಿಗಳಲ್ಲಿದ್ದವು ಒಣ ಕಕ್ಕಸುಗಳು. ಅವುಗಳ ಮಲವನ್ನು ಬಾಚಿ ಹೊರುವುದಕ್ಕೆ ಯಂತ್ರವಿರಲಿಲ್ಲ. ಹುಟ್ಟಿನಿಂದಲೇ ಆ ಕೆಲಸಕ್ಕೆ ಗುರುತಾದ ಕೈಗಳಿದ್ದವು. ಮಲವನ್ನು ತಲೆಯ ಮೇಲೆ ಹೊರುವುದನ್ನು ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದ ಆರಂಭದಲ್ಲಿಯೇ ನಿಷೇಧಿಸಿದ್ದರು. ಆ ಬಳಿಕವೂ ಚಿನ್ನದ ಗಣಿಯ ಊರಿನಲ್ಲಿ ಬಕೆಟ್ಟು, ಪೊರಕೆಗಳು ಮರೆಯಾಗಲಿಲ್ಲ.

ಆ ವಸತಿಯಲ್ಲಿಯೇ ೧೯೬೬ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ತಂದೆ, ಅಣ್ಣ ಅದೇ ಕೆಲಸದವರು. ಓದಿ ಊರಿಗೆ ಮರಳಿದ ತರುಣನು ಮೊದಲು ಮಾಡಿದ್ದು ಇಂದಿನ ಸೇವಾಸಂಘಗಳು ಮಾಡುವಂಥದ್ದನ್ನೇ. ವಸತಿಯ ಮಕ್ಕಳನ್ನು ಓದಿನ ಕಡೆಗೆ ತಿರುಗಿಸಲು ಯತ್ನಿಸಿದರು, ಹಿರಿಯರಿಗೆ ಕುಡಿತ ಬಿಡಿರೆಂದು ಬೋಧಿಸಿದರು. ಕುಡಿಯದೆ ಈ ಕೆಲಸ ಮಾಡುವುದಾದರೂ ಹೇಗೆ ಎಂಬ ಉತ್ತರ ಬಂದಿತು. ಹಾಗಾದರೆ ಆ ಕೆಲಸ ಎಂಥದೆಂದು ನೋಡಲು ಹೋದರು. ಗುಂಡಿಯೊಳಗೆ ಬಿದ್ದ ಬಕೆಟ್ಟನ್ನು ತೆಗೆಯಲು ಒಬ್ಬನು ತೋಳು ಮಡಚಿ ಮಲದೊಳಗೆ ಕೈಯಿಟ್ಟುದನ್ನು ಕಂಡು ಅತ್ತುಬಿಟ್ಟೆನೆಂದು ವಿಲ್ಸನ್ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಸಾಮಾನ್ಯ ಕರುಣೆಯಾಗಿದ್ದರೆ ಅಲ್ಲಿಗೆ ಸಾಬೂನು, ಕೈಗವಸುಗಳು ಬರುತ್ತಿದ್ದವು. ವಿಲ್ಸನ್ ಅವರು ಅದನ್ನು ತರಲಿಲ್ಲ. ಈ ಕೆಲಸವೇ ಇರಕೂಡದೆಂದರು. ಇಪ್ಪತ್ತರ ಹರೆಯದಲ್ಲಿ, ೧೯೮೬ರಲ್ಲಿ, ಆರಂಭವಾದ ಆ ಹಟಕ್ಕೆ ಮೊದಲ ವಿರೋಧ ಮನೆಯಿಂದಲೇ ಬಂದಿತು. ಇದ್ದ ಅನ್ನವೂ ತಪ್ಪೀತೆಂಬ ಭಯ ಬಂಧುಗಳಿಗೆ. ಮಂತ್ರಿಗಳಿಗೆ, ಅಧಿಕಾರಿಗಳಿಗೆ ಬರೆದ ಪತ್ರಗಳಿಗೆ ವರ್ಷಗಟ್ಟಲೆ ಉತ್ತರವಿರಲಿಲ್ಲ. ೧೯೯೩ರಲ್ಲಿ ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ ಬಂದಿತು. ಒಣ ಕಕ್ಕಸುಗಳ ಛಾಯಾಚಿತ್ರಗಳು ಪತ್ರಿಕೆಯಲ್ಲಿ ಬಂದ ಮೇಲೆಯೇ ಅವು ನೀರಿನ ಶೌಚಾಲಯಗಳಾಗಿ ಮಾರ್ಪಟ್ಟವು. ಕೆಲಸಗಾರರಿಗೆ ಬೇರೆ ಕೆಲಸ ದೊರೆಯಿತು. ೨೦೦೧ರಲ್ಲಿ ಗಣಿ ಮುಚ್ಚಿಹೋಯಿತು. ಆದರೆ ಅಲ್ಲಿ ಹುಟ್ಟಿದ ಪ್ರಶ್ನೆ ಮುಚ್ಚಲಿಲ್ಲ. ಎಸ್. ಆರ್. ಶಂಕರನ್, ಪಾಲ್ ದಿವಾಕರ್ ಅವರೊಡಗೂಡಿ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು ೨೦೦೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ಕದ ತಟ್ಟಿತು. ೨೦೧೬ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇದಕ್ಕೆ ಆಕ್ಷೇಪಗಳಿವೆ. ಹಸಿದವನಿಗೆ ಇಂದು ಬೇಕಾದುದು ಅನ್ನವೇ ಹೊರತು ಅರ್ಜಿಯಲ್ಲ ಎಂಬುದು ಮೊದಲನೆಯದು. ಸತ್ಯವಾದ ಮಾತು, ಅನ್ನವನ್ನು ಯಾರೂ ತಡೆಯಬಾರದು. ಆದರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳವರು ಅನ್ನವನ್ನು ಮಾತ್ರ ನೀಡಲಿಲ್ಲ; ಅನ್ನದೊಡನೆ ಅಕ್ಷರವನ್ನಿತ್ತು, ಉಂಡ ಮಗು ಮುಂದೆ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲದಂತೆ ಮಾಡಿದರು. ಪಡೆದವನು ಪಡೆಯುತ್ತಲೇ ಇರಬೇಕಾದ ವ್ಯವಸ್ಥೆ ದಾಸೋಹವಲ್ಲ, ಕೊಡುವವನ ಹಿರಿತನಕ್ಕೆ ಹಾಕಿದ ಪೀಠ. ಪ್ರಶ್ನಿಸುವುದು ರಾಜಕೀಯವಾಗುತ್ತದೆ, ಸೇವೆ ಸೇವೆಯಾಗಿಯೇ ಇರಲಿ ಎಂಬುದು ಎರಡನೆಯ ಆಕ್ಷೇಪ. ಹಾಗಾದರೆ ಲಕ್ಕಮ್ಮನವರು ಕೇಳಿದ್ದೂ ರಾಜಕೀಯವೇ? ಎಲ್ಲ ಕಾಯಕವೂ ಸಮಾನವೆಂಬ ಮಾತನ್ನು ಮುಂದಿಟ್ಟು ಈ ಕೆಲಸವನ್ನೂ ಕಾಯಕವೆಂದು ಕೊಂಡಾಡುವವರುಂಟು. ಇದು ಎಲ್ಲಕ್ಕಿಂತ ಘೋರವಾದ ತಪ್ಪು. ಮನಸಾರೆ ಒಪ್ಪಿ ಮಾಡುವುದು ಕಾಯಕ. ಹುಟ್ಟಿದ ಜಾತಿಯ ಕಾರಣಕ್ಕೆ ಹೊರಿಸಿದ ಹೊರೆ ಕಾಯಕವಾಗದು. ಮಾದಾರ ಚೆನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ಹಿರಿಯರೆಂದು ಶರಣರು ಒಪ್ಪಿಕೊಂಡುದು ಆ ಹೊರೆಯನ್ನು ಪೂಜಿಸುವುದಕ್ಕಲ್ಲ, ಇಳಿಸುವುದಕ್ಕೆ.

ಇನ್ನು ಮಾತು ಮನೆಯಂಗಳಕ್ಕೆ ಬರಬೇಕು. ೨೦೧೩ರ ಕಾಯ್ದೆಯಂತೆ ಮಲಗುಂಡಿಗೆ, ಒಳಚರಂಡಿಗೆ ಸುರಕ್ಷತೆಯಿಲ್ಲದೆ ಮನುಷ್ಯನನ್ನು ಇಳಿಸುವುದು ಅಪರಾಧ; ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಬೇಕೆಂದು ೨೦೧೪ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ, ೨೦೨೩ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಮೊತ್ತವನ್ನು ಏರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಮದುವೆಯ ಮುನ್ನಾದಿನ ಗುಂಡಿ ತುಂಬಿದರೆ ಯಾರನ್ನೋ ಕರೆದು, ಕೈಗೆ ಇನ್ನಷ್ಟು ಹಣವಿತ್ತು ಇಳಿಸುವ ಸದ್ಗೃಹಸ್ಥನು, ಮರುದಿನ ಸಾವಿರ ಜನರಿಗೆ ಪ್ರಸಾದ ಬಡಿಸಿದರೆ ಅದಕ್ಕೆ ಏನೆಂದು ಹೆಸರಿಡಬೇಕು? ಮನೆಯಾಗಲಿ, ಕಲ್ಯಾಣಮಂಟಪವಾಗಲಿ, ಮಠವೇ ಆಗಲಿ, ಈ ಪ್ರಶ್ನೆಯಿಂದ ಯಾವ ಕಟ್ಟಡಕ್ಕೂ ವಿನಾಯಿತಿಯಿಲ್ಲ.

ಆದುದರಿಂದ ಬಂಗಾರಪೇಟೆಯಲ್ಲಾಗಲಿ, ಕೆ.ಜಿ.ಎಫ್.ನಲ್ಲಾಗಲಿ ಸಂಘ ಕಟ್ಟಹೊರಟ ತರುಣರು ಹಂಚುವ ವಸ್ತುವಿನ ಪಟ್ಟಿಗೆ ಮೊದಲು ಪ್ರಶ್ನೆಗಳ ಪಟ್ಟಿಯನ್ನು ಬರೆಯಲಿ. ಊರಿನ ಗುಂಡಿಗಳನ್ನು ಯಂತ್ರ ಹೀರುತ್ತಿದೆಯೋ, ಮನುಷ್ಯ ಬಾಚುತ್ತಿದ್ದಾನೆಯೋ? ಕಾಯ್ದೆಯಂತೆ ರಚನೆಯಾಗಬೇಕಾದ ಜಿಲ್ಲಾ ಜಾಗೃತಿ ಸಮಿತಿ ಕಡೆಯ ಸಲ ಸೇರಿದ್ದು ಎಂದು? ಆ ಕೆಲಸ ಬಿಟ್ಟವರಿಗೆ ಪುನರ್ವಸತಿ ದೊರೆಯಿತೇ? ಮಾಹಿತಿ ಹಕ್ಕಿನ ಅರ್ಜಿಯೊಂದು ನೂರು ಶಾಲುಗಳಿಗಿಂತ ಅಗ್ಗ. ಅದಕ್ಕೆ ಹಾರವಿಲ್ಲ, ಚಿತ್ರವಿಲ್ಲ, ಬೈಗುಳ ದೊರೆತೀತು. ಆ ಬೈಗುಳವನ್ನು ತರುಣನೊಬ್ಬ ತನ್ನ ಮನೆಯಲ್ಲಿಯೇ ಸಹಿಸಿದ್ದರಿಂದ ಒಂದು ಊರಿನ ಬಕೆಟ್ಟುಗಳು ಕೆಳಗಿಳಿದವು.

ತರುಣರು ಕೇಳಲಿ. ಹಿರಿಯರು ಅವರ ಬಾಯಿ ಮುಚ್ಚಿಸದಿರಲಿ. ಅದೇ ಇಂದಿನ ಸದ್ಭಕ್ತರು ಸಲ್ಲಿಸಬಹುದಾದ ಮೊದಲ ದಾಸೋಹ.