ನೂರು ದಿನ ಓಡಬೇಕಾದ್ದು ಚಿತ್ರ, ಶೂಟಿಂಗ್ ಅಲ್ಲ!

ಮುಹೂರ್ತದ ದಿನ ತೆಂಗಿನಕಾಯಿ ಒಡೆದು, ಕ್ಯಾಮರಾಗೆ ಹಾರ ಹಾಕಿ, ನಿರ್ಮಾಪಕರು ನಗುನಗುತ್ತಾ ಹೇಳೋ ಮಾತು ಒಂದೇ: 'ಒಂದೇ ಶೆಡ್ಯೂಲು, ನಲವತ್ತೇ ದಿನ, ಹಬ್ಬಕ್ಕೆ ತೆರೆಗೆ!' ಯಾವ ಹಬ್ಬ ಅಂತ ಮಾತ್ರ ಕೇಳಬೇಡಿ. ದಸರಾ ಹೋಗಿ ದೀಪಾವಳಿ, ದೀಪಾವಳಿ ಹೋಗಿ ಸಂಕ್ರಾಂತಿ... ಕುಂಬಳಕಾಯಿ ಒಡೆಯೋ ಹೊತ್ತಿಗೆ ನಾಯಕನ ಮೀಸೆ ಎರಡು ಸಲ ಬದಲಾಗಿರುತ್ತೆ!

ಅವರು ಸುಳ್ಳು ಹೇಳ್ತಾರಾ? ಇಲ್ಲ ಮಿತ್ರರೇ. ಆ ಕ್ಷಣಕ್ಕೆ ಮನಸಾರೆ ನಂಬಿಯೇ ಹೇಳ್ತಾರೆ. ತೊಂದರೆ ಇರೋದೇ ಅಲ್ಲಿ.

ಮೈಸೂರು ಬಸ್ಸು ಹತ್ತಿದವರಿಗೆ ರಾಮನಗರದ ಬಂಡೆಗಳು ಗೊತ್ತೇ ಇವೆ. 1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿ 'ಶೋಲೆ' ಚಿತ್ರೀಕರಣ ಶುರು ಮಾಡಿದ್ದು ಅಲ್ಲೇ. ಚಿತ್ರ ತೆರೆ ಕಂಡದ್ದು 1975ರ ಆಗಸ್ಟ್ 15ಕ್ಕೆ. ಅದರಲ್ಲಿ ವಿಧವೆ ರಾಧಾ ಸಂಜೆ ಹೊತ್ತು ದೀಪ ನೋಡಿಕೊಳ್ಳೋ ಪುಟ್ಟ ದೃಶ್ಯ ನೆನಪಿದೆಯಾ? ಜಯಾ ಭಾದುರಿ ಮೇಲೆ, ಅಮಿತಾಭ್ ಕೆಳಗೆ ಮೌತ್ ಆರ್ಗನ್ ಊದುತ್ತಾ. ಒಂದು ಮಾತೂ ಇಲ್ಲ. ಕಾಗದದ ಮೇಲೆ ಎರಡು ಸಾಲು. ಅಂಥ ಎರಡು ಚಿಕ್ಕ ದೃಶ್ಯಗಳಿಗೆ ಹಿಡಿದದ್ದು 20 ದಿನ! ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಬೇಕಿದ್ದ ಮುಸ್ಸಂಜೆಯ ಬೆಳಕು ದಿನಕ್ಕೆ ಕೆಲವೇ ನಿಮಿಷ. ತಪ್ಪಿದರೆ ನಾಳೆಯೇ ಗತಿ. ಬೈಕಿನ ಮೇಲಿನ ಆ ದೋಸ್ತಿ ಹಾಡಿಗೆ 21 ದಿನ. ಪನ್ವೇಲ್ ಹತ್ತಿರದ ರೈಲು ದರೋಡೆಗೆ ಏಳು ವಾರ. ಗಬ್ಬರ್ ಕೇಳಿದ್ದು 'ಎಷ್ಟು ಜನ' ಅಂತ. ನಿರ್ಮಾಪಕರು ಕೇಳಬೇಕಾದ್ದು 'ಎಷ್ಟು ದಿನ' ಅಂತ!

ಹಾಲಿವುಡ್ಡೇನು ಕಮ್ಮಿಯಿಲ್ಲ. 1974ರಲ್ಲಿ ಸ್ಪೀಲ್‌ಬರ್ಗ್ 'ಜಾಸ್' ಶುರು ಮಾಡಿದಾಗ ಲೆಕ್ಕ 55 ದಿನ, ಆದದ್ದು 159. ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿದು ಪದೇ ಪದೇ ಕೈಕೊಟ್ಟಿತು.

'ನೋಡಿ ಸ್ವಾಮಿ, ಎರಡೂ ಸೂಪರ್‌ಹಿಟ್' ಅಂತೀರಿ. ಸರಿ. ಗೆದ್ದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತೆ. 1980ರ 'ಹೆವನ್ಸ್ ಗೇಟ್' ಹೆಸರು ಯಾರು ಎತ್ತುತ್ತಾರೆ? ದಿನದ ಲೆಕ್ಕವೂ ತಪ್ಪಿ, ಹಣದ ಲೆಕ್ಕವೂ ತಪ್ಪಿ ನೆಲ ಕಚ್ಚಿತು. ಮರುವರ್ಷವೇ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಬೇರೆಯವರ ಕೈಗೆ ಮಾರಾಟವಾಯಿತು.

ಈ ರೋಗಕ್ಕೆ ಪಂಡಿತರು ಹೆಸರನ್ನೂ ಇಟ್ಟಿದ್ದಾರೆ. 1979ರಲ್ಲಿ ಕಾನ್‌ಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಯೋಜನೆಯ ಭ್ರಮೆ ಅಂದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಉತ್ತರ 34. ಎಲ್ಲಾ ಕೆಟ್ಟರೆ? 49. ನಿಜವಾಗಿ ಹಿಡಿದದ್ದು 55ಕ್ಕೂ ಹೆಚ್ಚು! ಅಂದರೆ ನಮ್ಮ 'ಕೆಟ್ಟ ಲೆಕ್ಕ'ವೂ ಸಿಹಿಕನಸೇ.

ಹಾಗಾದ್ರೆ ಮದ್ದು? ಇದೆ.

ಒಂದು, ಪುಟ ಎಣಿಸಬೇಡಿ, ದೃಶ್ಯ ತೂಗಿ. ಮಳೆ, ರಾತ್ರಿ, ನೀರು, ಮಗು, ಪ್ರಾಣಿ, ಗುಂಪು... ಇವು ಬಂದ ಕಡೆ ಕೆಂಪು ಪೆನ್ಸಿಲ್ ಎಳೆಯಿರಿ. ಎರಡು ಸಾಲಿನ ದೃಶ್ಯವೇ ವಾರ ನುಂಗೋದು.

ಎರಡು, ಕೆಲಸ ಮಾಡುವವರನ್ನು ಮೊದಲು ಕೇಳಿ. ಸೆಟ್ ಬಡಗಿ, ಲೈಟ್‌ಮನ್, ಮೇಕಪ್‌ನವರು, ಒಬ್ಬೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಕೊಡಲಿ. ದೊಡ್ಡವರು 'ನಲವತ್ತು' ಅಂದಮೇಲೆ ಅರವತ್ತು ಅನ್ನೋ ಧೈರ್ಯ ಯಾರಿಗಿದೆ? ಚೀಟಿಗಳಲ್ಲಿ ಒಬ್ಬರದು ಎರಡು, ಇನ್ನೊಬ್ಬರದು ಎಂಟು ಬಂದರೆ ಅಲ್ಲೇ ನಿಲ್ಲಿಸಿ ಕಾರಣ ಕೇಳಿ. ಒಬ್ಬರಿಗೆ ಗೊತ್ತಿರೋದು ಇನ್ನೊಬ್ಬರಿಗೆ ಗೊತ್ತಿಲ್ಲ ಅಂತ ಅರ್ಥ.

ಮೂರು, ಇದೇ ತಂಡದ ಹಿಂದಿನ ಚಿತ್ರದ ಡೈರಿ ತೆಗೆಯಿರಿ. 40 ಅಂದದ್ದು 60 ಆಗಿತ್ತಾ? ಈ ಸಲವೂ ನಿಮ್ಮ ಲೆಕ್ಕಕ್ಕೆ ಅರ್ಧ ಸೇರಿಸಿ. 'ಈ ಸಲ ಹಾಗಾಗಲ್ಲ' ಅಂತ ಮನಸ್ಸು ಹೇಳುತ್ತೆ. ಹೋದ ಸಲವೂ ಅದೇ ಹೇಳಿತ್ತು!

ನಾಲ್ಕು, ಒಂದೇ ತಾರೀಕು ಕೂಗಬೇಡಿ. 'ಬೇಗ ಅಂದ್ರೆ 50, ತಡ ಅಂದ್ರೆ 70' ಅನ್ನಿ. ಸಾಲ ಎತ್ತೋದು ಎಪ್ಪತ್ತರ ಲೆಕ್ಕಕ್ಕೆ.

ಇದನ್ನೆಲ್ಲಾ ನಾನು ನಿಮಗ್ಯಾಕೆ ಹೇಳ್ತಿದ್ದೀನಿ? ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಹಿಡಿದು ನಿಂತ ನಿಮ್ಮಲ್ಲಿ ಎಷ್ಟೋ ಜನ ನಾಳೆ ಗೆಳೆಯರ ಜೊತೆ ಚಿತ್ರ ಮಾಡೋರೇ. ಅಪ್ಪನ ಜಮೀನಿನ ಪತ್ರ ಅಡ ಇಡೋಕೆ ಮುಂಚೆ ಆ ಚೀಟಿ ಬರೆಸಿ. ದುಡ್ಡು ಅರ್ಧಕ್ಕೇ ಮುಗಿದರೆ ನಾಯಕ ಮುಂದಿನ ಚಿತ್ರಕ್ಕೆ ಹೋಗ್ತಾನೆ. ಬೇರೆ ಕೆಲಸ ಬಿಟ್ಟು ನಿಮ್ಮನ್ನು ನಂಬಿ ಬಂದ ಲೈಟ್ ಹುಡುಗನ ಬಾಟಾ ನಿಲ್ಲುತ್ತೆ. ಬಡ್ಡಿ ಮಾತ್ರ ಭಾನುವಾರವೂ ರಜಾ ಹಾಕಲ್ಲ.

ಈಗೇನು, ರೀಲಿನ ಖರ್ಚಿಲ್ಲ, ಡಿಜಿಟಲ್ ಕ್ಯಾಮರಾ ಎಷ್ಟು ಹೊತ್ತು ಬೇಕಾದ್ರೂ ಓಡುತ್ತೆ. ಆದರೆ ಸೂರ್ಯ ಇನ್ನೂ ತನ್ನ ಹಳೇ ಟೈಮಿಗೇ ಮುಳುಗ್ತಾನೆ ಕಣ್ರೀ, ಅವನಿಗೆ ಯಾರ ಕಾಲ್‌ಶೀಟೂ ಗೊತ್ತಿಲ್ಲ!