ಆ 11 ಡಾಲರ್ ಯಾವುದಕ್ಕೆ?

ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡ ಸಿನಿಮಾ ತಮ್ಮದಾಗಿ ಉಳಿಯುತ್ತಿಲ್ಲ ಎಂದು ಯಾರಾದರೂ ದೂರಿದ ಕೂಡಲೇ ಒಂದು ಸಿದ್ಧ ಉತ್ತರ ಬಂದು ಬೀಳುತ್ತದೆ. ಷರತ್ತುಗಳಲ್ಲಿ ಎಲ್ಲವನ್ನೂ ಬರೆದಿತ್ತು, ಓದದೆ ಒಪ್ಪಿದ್ದು ನಿಮ್ಮ ತಪ್ಪು; ಅಷ್ಟಕ್ಕೂ ಈ ಕಾಲದಲ್ಲಿ ಸಿನಿಮಾವನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಯಾರಿದ್ದಾರೆ? ಸುಮಾರು ಎರಡು ದಶಕಗಳಿಂದ ಇದೇ ಮಾತನ್ನು ಹೇಳಿಕೊಂಡು ಬರಲಾಗಿದೆ. ಹೇಳುವವರು ಇದನ್ನು ವ್ಯವಹಾರ ಜ್ಞಾನವೆಂದು ತಿಳಿದಿದ್ದಾರೆ. ಕದಿಯುವ ದಾರಿ ಸಲೀಸಾಗಿದ್ದಾಗಲೂ ಕದಿಯದೆ, ಕೇಳಿದಷ್ಟು ಬೆಲೆ ತೆತ್ತ ಗ್ರಾಹಕನಿಗೆ ಮಾಡುವ ಅವಮಾನ ಇದು. ಅವನು ದಡ್ಡನೆಂದು ಸಾಧಿಸಲು ಹೊರಟವರು ವ್ಯಾಪಾರದ ಲೆಕ್ಕವನ್ನು ಒಮ್ಮೆಯಾದರೂ ನೋಡಬೇಕು.

ಲೆಕ್ಕ ಶುರುವಾಗುವುದು 2006ರಲ್ಲಿ. ಆ ವರ್ಷ ಸೆಪ್ಟೆಂಬರ್ 7ರಂದು ಅಮೆಜಾನ್ ಅಮೆರಿಕದಲ್ಲಿ ‘ಅನ್‌ಬಾಕ್ಸ್’ ಎಂಬ ಸಿನಿಮಾ ಡೌನ್‌ಲೋಡ್ ಸೇವೆ ತೆರೆಯಿತು. ಐದು ದಿನ ಕಳೆದು, 12ರಂದು, ಆಪಲ್‌ನ ಸ್ಟೀವ್ ಜಾಬ್ಸ್ ತಮ್ಮ ಐಟ್ಯೂನ್ಸ್ ಅಂಗಡಿಯಲ್ಲಿ 75 ಸಿನಿಮಾಗಳನ್ನು ಮಾರಾಟಕ್ಕಿಟ್ಟರು, ಜೊತೆಗೆ 80 ಜಿಬಿಯ ಹೊಸ ಐಪಾಡ್ ತಂದರು. ಹೊಸ ಚಿತ್ರಕ್ಕೆ 14.99 ಡಾಲರ್, ಹಳೆಯದಕ್ಕೆ 9.99. ಎಪ್ಪತ್ತೈದೂ ಡಿಸ್ನಿ ಬಳಗದ ಚಿತ್ರಗಳು. ಪಿಕ್ಸಾರ್ ಸ್ಟುಡಿಯೊವನ್ನು ಡಿಸ್ನಿಗೆ ಮಾರಿದ ನಂತರ ಅದರ ಅತಿ ದೊಡ್ಡ ವೈಯಕ್ತಿಕ ಷೇರುದಾರರಾಗಿದ್ದವರು ಜಾಬ್ಸ್ ಅವರೇ. ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ‘ಝೂನ್’ ಪ್ಲೇಯರ್ ತಂದಿತು. ಅದೇ ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯಲ್ಲಿ ಮಾರಿದ್ದ ಹಾಡುಗಳು ಅದೇ ಕಂಪನಿಯ ಹೊಸ ಪ್ಲೇಯರ್‌ನಲ್ಲಿ ಹಾಡಲಿಲ್ಲ. ಅನ್‌ಬಾಕ್ಸ್‌ನಲ್ಲಿ ಕೊಂಡ ಸಿನಿಮಾ ಐಪಾಡ್‌ಗೆ ಹೋಗುವಂತಿರಲಿಲ್ಲ. ಐಟ್ಯೂನ್ಸ್‌ನಲ್ಲಿ ಕೊಂಡದ್ದನ್ನು ಡಿಸ್ಕಿಗೆ ಹಾಕಿಡಬಹುದಿತ್ತು, ಆದರೆ ಆ ಡಿಸ್ಕ್ ಮನೆಯ ಡಿವಿಡಿ ಪ್ಲೇಯರ್‌ನಲ್ಲಿ ಓಡುತ್ತಿರಲಿಲ್ಲ. ಡಿವಿಡಿಗಿಂತ ಕಡಿಮೆ ಸ್ಫುಟತೆ, ಎರಡೂವರೆ ಇಂಚಿನ ಪರದೆ, ಹೆಚ್ಚುಕಡಿಮೆ ಡಿವಿಡಿಯದೇ ಬೆಲೆ. ಗ್ರಾಹಕರು ಕೇಳಿದ್ದು ಸರಳ ಪ್ರಶ್ನೆ: ಸ್ನೇಹಿತನಿಗೆ ಎರವಲು ಕೊಡಲಾಗದ, ಹಳತಾದಾಗ ಮಾರಲಾಗದ, ನಾಳೆ ಬೇರೆ ಕಂಪನಿಯ ಪ್ಲೇಯರ್ ಕೊಂಡರೆ ನೋಡಲೂ ಆಗದ ವಸ್ತುವಿಗೆ ಡಿಸ್ಕಿನಷ್ಟೇ ದುಡ್ಡು ಏಕೆ? ಅವರಿಗೆ ಸಿಕ್ಕ ಉತ್ತರ ಒಂದು ಅಂಕಿ. ಮೊದಲ ವಾರದಲ್ಲೇ 1,25,000 ಡೌನ್‌ಲೋಡ್ ಮಾರಾಟವಾಗಿದೆ ಎಂದು ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಪ್ರಕಟಿಸಿದರು. ಜನ ಕೊಂಡರು, ಆದ್ದರಿಂದ ಗೊಣಗುವವರ ಮಾತಿಗೆ ಬೆಲೆಯಿಲ್ಲ ಎಂಬ ತೀರ್ಪು ಅಲ್ಲಿಗೆ ಬರೆದಾಯಿತು. ಎಷ್ಟು ಜನ ಕೊಂಡರು ಎಂಬುದು ಅವರಿಗೆ ಏನನ್ನು ಕೊಡಲಾಯಿತು ಎಂಬುದಕ್ಕೆ ಉತ್ತರವಾಗುವುದು ಹೇಗೆ?

ಏನನ್ನು ಕೊಡಲಾಯಿತು ಎಂಬುದು ಬಯಲಾದದ್ದು 2008ರ ಜನವರಿಯಲ್ಲಿ. ಆಗ ಆಪಲ್ ಅದೇ ಅಂಗಡಿಯಲ್ಲಿ ಸಿನಿಮಾಗಳನ್ನು ಬಾಡಿಗೆಗೂ ಇಟ್ಟಿತು. ಹೊಸ ಚಿತ್ರದ ಬಾಡಿಗೆ 3.99 ಡಾಲರ್; 30 ದಿನದೊಳಗೆ ನೋಡಲು ಶುರುಮಾಡಬೇಕು, ಶುರುಮಾಡಿದ 24 ಗಂಟೆಯಲ್ಲಿ ಮುಗಿಸಬೇಕು. ಪಕ್ಕದಲ್ಲೇ ಮಾರಾಟದ ಬೆಲೆ 14.99. ವ್ಯತ್ಯಾಸ ಸರಿಯಾಗಿ 11 ಡಾಲರ್. ಎರಡರಲ್ಲೂ ಅದೇ ಚಿತ್ರ, ಬೇರೆ ಕಂಪನಿಯ ಪ್ಲೇಯರ್‌ನಲ್ಲಿ ಓಡದಂತೆ ತಡೆಯುವ ಅದೇ ಡಿಜಿಟಲ್ ಬೀಗ. ಹಾಗಾದರೆ ಆ 11 ಡಾಲರ್ ಯಾವುದರ ಬೆಲೆ? ಕಾಲದ ಬೆಲೆ ಎನ್ನದೆ ಬೇರೆ ದಾರಿಯಿಲ್ಲ. ಒಂದು ದಿನದ ಬದಲು ಬೇಕೆಂದಾಗಲೆಲ್ಲ, ಬದುಕಿರುವಷ್ಟು ಕಾಲ ನೋಡಬಹುದು ಎಂಬ ಭರವಸೆಗೆ ಗ್ರಾಹಕ ಆ 11 ಡಾಲರ್ ಎಣಿಸಿಕೊಟ್ಟ. ಆದರೆ ಇದೇ ಆಪಲ್, ತನ್ನ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದಾವೆ ಬಿದ್ದಾಗ, ಕೊಂಡ ಸಿನಿಮಾ ಐಟ್ಯೂನ್ಸ್‌ನಲ್ಲಿ ಅನಿರ್ದಿಷ್ಟ ಕಾಲ ಉಳಿಯುತ್ತದೆಂದು ವಿವೇಕವುಳ್ಳ ಯಾವ ಗ್ರಾಹಕನೂ ನಂಬುವುದಿಲ್ಲ ಎಂದು ವಾದಿಸಿತು. ಮೊಕದ್ದಮೆಯನ್ನು ಆರಂಭದಲ್ಲೇ ವಜಾ ಮಾಡಬೇಕೆಂಬ ಅದರ ಕೋರಿಕೆಯನ್ನು 2021ರಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ಯಾರೂ ನಂಬುವುದಿಲ್ಲ ಎಂದು ಗೊತ್ತಿದ್ದ ಭರವಸೆಗೆ ಕಂಪನಿ ಇಷ್ಟು ವರ್ಷ 11 ಡಾಲರ್ ವಸೂಲಿ ಮಾಡಿದ್ದು ಯಾವ ನ್ಯಾಯ? ಕ್ರಯಪತ್ರದ ದುಡ್ಡು ಎಣಿಸಿಕೊಂಡು ಬಾಡಿಗೆ ಕರಾರನ್ನು ಕೈಗಿಟ್ಟು ಕಳಿಸಿದಂತಾಯಿತು. ನಮ್ಮಲ್ಲಿ ಯಾವ ಮನೆ ಮಾಲೀಕನಾದರೂ ಹೀಗೆ ಮಾಡಿದರೆ ಊರವರು ಪೊಲೀಸ್ ಠಾಣೆಗೆ ಕರೆದೊಯ್ಯುತ್ತಾರೆ.

ಇದೆಲ್ಲ ಬರಿಯ ಕಾನೂನಿನ ಕೂದಲು ಸೀಳುವಿಕೆ, ವಾಸ್ತವದಲ್ಲಿ ಯಾರ ಸಿನಿಮಾವೂ ಮಾಯವಾಗುವುದಿಲ್ಲ ಎನ್ನುವವರಿದ್ದಾರೆ. 2007ರ ಆಗಸ್ಟ್ ನೆನಪಿದೆಯೇ? ಗೂಗಲ್ ತನ್ನ ಗೂಗಲ್ ವಿಡಿಯೊ ಅಂಗಡಿಯನ್ನು ಮುಚ್ಚುವುದಾಗಿ ಹೇಳಿತು. ಜನ ದುಡ್ಡು ಕೊಟ್ಟು ಕೊಂಡಿದ್ದ ವಿಡಿಯೊಗಳು ಕೆಲವೇ ದಿನಗಳಲ್ಲಿ ಓಡದಂತಾಗುವುದಿತ್ತು. ಬದಲಿಗೆ ಮೊದಲು ಕೊಡಹೊರಟದ್ದು ತನ್ನದೇ ಪಾವತಿ ಸೇವೆಯಲ್ಲಿ ಖರ್ಚು ಮಾಡುವ ಒಂದಿಷ್ಟು ಮೊತ್ತ. ಜನ ರೊಚ್ಚಿಗೆದ್ದ ಮೇಲೆ ಹಣ ವಾಪಸಾಯಿತು. ಮರುವರ್ಷ ಮೈಕ್ರೋಸಾಫ್ಟ್, ಎಂಎಸ್‌ಎನ್ ಮ್ಯೂಸಿಕ್ ಹಾಡುಗಳಿಗೆ ಪರವಾನಗಿ ಕೊಡುವ ಸರ್ವರ್‌ಗಳನ್ನು ನಿಲ್ಲಿಸುವುದಾಗಿ ಹೇಳಿತು; ಅಂದರೆ ಕಂಪ್ಯೂಟರ್ ಬದಲಿಸಿದವರ ಹಾಡುಗಳು ಸತ್ತಂತೆಯೇ. ಅಲ್ಲೂ ಗಲಾಟೆಯಾದ ಮೇಲಷ್ಟೇ ಗಡುವು ಮುಂದಕ್ಕೆ ಹೋಯಿತು. ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳ ಬೆಂಬಲದಿಂದ 2011ರಲ್ಲಿ ಹುಟ್ಟಿದ ‘ಅಲ್ಟ್ರಾವಯಲೆಟ್’ ಎಂಬ ಡಿಜಿಟಲ್ ಕಪಾಟು 2019ರ ಜುಲೈ 31ರಂದು ಬಾಗಿಲು ಹಾಕಿತು. ತಮ್ಮ ಖಾತೆಯನ್ನು ಬೇರೆ ಅಂಗಡಿಗೆ ಜೋಡಿಸಿಕೊಳ್ಳದವರು ತಮ್ಮ ಚಿತ್ರಗಳನ್ನು ಕಳೆದುಕೊಳ್ಳುವ ಸ್ಥಿತಿ. ಈ ಮೂರರಲ್ಲೂ ಪೆಟ್ಟು ಬಿದ್ದದ್ದು ದುಡ್ಡು ಕೊಟ್ಟವರಿಗೆ ಮಾತ್ರ. ಕದ್ದು ಇಳಿಸಿಕೊಂಡವನ ಫೈಲ್ ಅಂದೂ ಓಡುತ್ತಿತ್ತು, ಇಂದೂ ಓಡುತ್ತದೆ. ಇದರ ಎದುರಿಗೆ ನಮ್ಮದೇ ದೇಶದ ಮೋಸರ್ ಬೇರ್ ಕಂಪನಿಯನ್ನು ಇಟ್ಟು ನೋಡಿ. ಐಟ್ಯೂನ್ಸ್ ಸಿನಿಮಾ ಮಾರುತ್ತಿದ್ದ ಅದೇ ದಿನಗಳಲ್ಲಿ ಅದು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಿತ್ರಗಳ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ಸಾಲದಲ್ಲಿ ಮುಳುಗಿದ ಆ ಕಂಪನಿಯನ್ನು ಸಮಾಪನಗೊಳಿಸಲು 2018ರಲ್ಲಿ ಆದೇಶವಾಯಿತು. ಆದರೂ ಆ 28 ರೂಪಾಯಿಯ ಡಿಸ್ಕ್ ಯಾರ ಅಪ್ಪಣೆಯನ್ನೂ ಕೇಳದೆ ಓಡುತ್ತದೆ. ಮಾರಿದವನು ಸತ್ತರೂ ಕೊಂಡವನ ಬಳಿ ಉಳಿಯುವುದೇ ಮಾರಾಟ. ಅದನ್ನು 28 ರೂಪಾಯಿಗೆ ಕೊಡಲು ಆಗುತ್ತಿದ್ದಾಗ 14.99 ಡಾಲರ್‌ಗೆ ಏಕೆ ಆಗಲಿಲ್ಲ?

ಬೀಗ ಹಾಕದಿದ್ದರೆ ಕಳ್ಳತನದಿಂದ ಉದ್ಯಮ ಮುಳುಗುತ್ತದೆ ಎಂಬುದು ಕಂಪನಿಗಳ ದೊಡ್ಡ ಸಮರ್ಥನೆ. ಇದಕ್ಕೆ ಉತ್ತರವನ್ನು ಜಾಬ್ಸ್ ಅವರೇ 2007ರ ಫೆಬ್ರವರಿಯಲ್ಲಿ ಬರೆದಿಟ್ಟಿದ್ದಾರೆ. ಸಂಗೀತದ ಕುರಿತ ಬಹಿರಂಗ ಪತ್ರದಲ್ಲಿ ಅವರು ತೋರಿಸಿದ ಲೆಕ್ಕ ಇದು: 2006ರಲ್ಲಿ ಬೀಗ ಹಾಕಿದ ಹಾಡುಗಳು ಮಾರಾಟವಾದದ್ದು 200 ಕೋಟಿಗೂ ಕಡಿಮೆ, ಯಾವ ಬೀಗವೂ ಇಲ್ಲದೆ ಸಿ.ಡಿ.ಗಳಲ್ಲಿ ಮಾರಾಟವಾದದ್ದು 2,000 ಕೋಟಿಗೂ ಹೆಚ್ಚು. ಹೆಬ್ಬಾಗಿಲು ತೆರೆದಿಟ್ಟು ಕಿಟಕಿಗೆ ಸರಪಳಿ ಬಿಗಿಯುವುದರಿಂದ ಕಾಯುವುದು ಯಾರನ್ನು? ಅದೇ ವರ್ಷ ಸಂಗೀತ ಕಂಪನಿ ಇಎಂಐ ಬೀಗ ತೆಗೆಯಿತು, 2009ರ ಹೊತ್ತಿಗೆ ಐಟ್ಯೂನ್ಸ್‌ನ ಹಾಡುಗಳೆಲ್ಲ ಬಿಡುಗಡೆಯಾದವು. ಸಂಗೀತೋದ್ಯಮ ಅದರಿಂದ ಸಾಯಲಿಲ್ಲ. ಆದರೆ ಅದೇ ಅಂಗಡಿಯ ಸಿನಿಮಾಗಳ ಬೀಗ ಹಾಗೆಯೇ ಉಳಿಯಿತು. ಡಿವಿಡಿಯ ಗೂಢಲಿಪಿಯಂತೂ 1999ರಲ್ಲೇ ಬಯಲಾಗಿತ್ತು. ಆಮೇಲೂ ವರ್ಷಗಟ್ಟಲೆ ಸ್ಟುಡಿಯೊಗಳು ಡಿವಿಡಿ ಮಾರಾಟದಿಂದಲೇ ಕೊಬ್ಬಿದವು. ಕಳ್ಳನನ್ನು ತಡೆಯಲು ಬಾರದ ಬೀಗವೊಂದು ಗ್ರಾಹಕನನ್ನು ಮಾತ್ರ ಒಂದೇ ಅಂಗಡಿಗೆ ಕಟ್ಟಿಹಾಕುತ್ತದೆಯಾದರೆ, ಅದನ್ನು ಮಾಡಿದ್ದೇ ಅದಕ್ಕಾಗಿ ಎನ್ನಲು ನನಗೆ ಸಂಕೋಚವಿಲ್ಲ.

ಈ ಅನ್ಯಾಯದ ಭಾರ ಕನ್ನಡದಂಥ ಭಾಷೆಗಳ ಮೇಲೆ ಇನ್ನೂ ಹೆಚ್ಚು. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮ್ಮ ಬಳಿ ಇಲ್ಲ. ಕಾಪಾಡುವ ಸಂಸ್ಥೆಗಳು ಕೈಬಿಟ್ಟ ಅದೆಷ್ಟೋ ಚಿತ್ರಗಳು ಉಳಿದಿರುವುದು ಜನರ ಮನೆಯ ಕ್ಯಾಸೆಟ್, ವಿಸಿಡಿಗಳಿಂದ. ಈಗ ಹೊಸ ಕನ್ನಡ ಚಿತ್ರದ ಡಿಸ್ಕ್ ಅಂಗಡಿಯಲ್ಲಿ ಕಾಣುವುದೇ ಇಲ್ಲ. ಒಟಿಟಿ ಕಂಪನಿಗಳು ಕನ್ನಡವನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿವೆ. ರಕ್ಷಿತ್ ಶೆಟ್ಟಿಯವರಂಥ ಹೆಸರಾಂತ ನಟ-ನಿರ್ಮಾಪಕರೇ ‘ಏಕಂ’ ಸರಣಿಗೆ ಕೊಳ್ಳುವವರಿಲ್ಲದೆ 2024ರಲ್ಲಿ ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಒಪ್ಪಂದ ಮುಗಿದ ದಿನ ಒಟಿಟಿ ಒಂದು ಚಿತ್ರವನ್ನು ಕೆಳಗಿಳಿಸಿದರೆ ಅದನ್ನು ಉಳಿಸಿಕೊಳ್ಳಲು ಪ್ರೇಕ್ಷಕನ ಬಳಿ ಏನಿದೆ? ಮೇಲಿಂದ ಕಾನೂನಿನ ಬೆದರಿಕೆ: 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮಿನ ಪ್ರಕಾರ ಹಕ್ಕುಗಳ ಉಲ್ಲಂಘನೆಗಾಗಿ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ವಿನಾಯಿತಿ ಅಲ್ಲೇ ಇದೆ, ಸ್ವಂತ ಬಳಕೆಗೆ ರಿಯಾಯಿತಿಯೂ ಇದೆ. ಆದರೆ ಬೀಗ ತೆಗೆದುಕೊಡುವ ಹೊಣೆಯನ್ನು ಕಂಪನಿಯ ಮೇಲೆ ಆ ಕಲಮು ಹೊರಿಸಿಲ್ಲ. ಕೈಯಲ್ಲಿ ಹಕ್ಕು, ಬಾಗಿಲಿಗೆ ಬೀಗ!

ಉಳಿದದ್ದು ಕೊನೆಯ ಆಕ್ಷೇಪ: ತಿಂಗಳ ಚಂದಾ ಕಟ್ಟಿ ನೋಡುವ ಕಾಲದಲ್ಲಿ ಕೊಳ್ಳುವ ಮಾತೇ ಹಳತು, ಬೇಕಿದ್ದವರು ಡಿಸ್ಕ್ ಕೊಳ್ಳಲಿ. ಕೊಳ್ಳುವುದೆಲ್ಲಿ? ಅಮೆರಿಕದಲ್ಲೇ ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸುವುದನ್ನು 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು, ಬೆಸ್ಟ್ ಬೈ ಮಳಿಗೆಗಳು 2024ರಲ್ಲಿ ಡಿಸ್ಕ್ ಮಾರಾಟ ಕೈಬಿಟ್ಟವು. ಒಂದು ದಾರಿಯನ್ನು ಮುಚ್ಚಿ, ಇನ್ನೊಂದರಲ್ಲಿ ಮೋಸ ಮಾಡಿ, ಜನರಿಗೆ ಒಡೆತನವೇ ಬೇಡವಾಗಿದೆ ಎಂದು ಷರಾ ಬರೆಯುವುದು ಯಾವ ಸೀಮೆಯ ಪ್ರಾಮಾಣಿಕತೆ? ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನು ಮಾಡಿದೆ. ಸಿಗುವುದು ಪರವಾನಗಿ ಮಾತ್ರ ಎಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕನ್ನು ಖರೀದಿಯೆಂದು ತೋರಿಸಿ ಮಾರುವಂತಿಲ್ಲ. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅಷ್ಟು ಸಾಲದು. ಎಚ್ಚರಿಕೆಯ ಒಂದು ಸಾಲು ಅಂಟಿಸಿ ಅದೇ ಬೆಲೆ ವಸೂಲಿ ಮಾಡಲು ಅದು ಬಿಡುತ್ತದೆ. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ವಂಚನೆಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಮಾರಾಟದ ಬೆಲೆಗೆ ಪರವಾನಗಿ ಕೊಡುವ ಈ ವಂಚನೆಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಜಾಗವಿಲ್ಲ. ಹದಿನಾಲ್ಕನೆಯದಾಗಿ ಅದನ್ನು ಸೇರಿಸಲಿ. ಬಾಡಿಗೆಗಿಂತ ಹೆಚ್ಚಿನ ಬೆಲೆ ಪಡೆದವರು ಯಾವ ಪ್ಲೇಯರ್‌ನಲ್ಲಾದರೂ ಓಡುವ, ಬೀಗವಿಲ್ಲದ ಫೈಲ್ ಕೊಡಲಿ. ಕೊಡಲು ಮನಸ್ಸಿಲ್ಲದವರು ಅಂಗಡಿ ಮುಚ್ಚುವ ದಿನ ಪೂರ್ತಿ ಹಣವನ್ನು, ಅದು ಬಂದ ಬ್ಯಾಂಕ್ ಖಾತೆಗೇ, ಗ್ರಾಹಕ ಕೇಳುವ ಮೊದಲೇ ಹಿಂದಿರುಗಿಸಲಿ.